ಕೋರಮಂಡಲ್ ಲೈನಿನಲ್ಲಿ ನೆಲ ಅದುರಿದಾಗ

ಗಣಿ ಕೂಲಿಗಳ ಸಾಲುಮನೆ ನಮ್ಮ ಕೋರಮಂಡಲ್ ಲೈನು, ಅಲ್ಲಿ ನೆಲ ಅದುರುವುದು ಹೊಸದೇನಲ್ಲ. ಮೇಲೆ ನಾವು ಮುದ್ದೆ ತೊಳಸುತ್ತಿದ್ದರೆ ಕೆಳಗೆ ನಮ್ಮ ಗಂಡಸರು ಚಿನ್ನಕ್ಕಾಗಿ ಬಂಡೆ ಕೊರೆಯುತ್ತಿದ್ದರು. ಅಷ್ಟು ಆಳದಲ್ಲಿ ಬಂಡೆ ಕೆಲವು ಸಲ ತಾನಾಗಿಯೇ ಸಿಡಿಯುತ್ತಿತ್ತು. ಅದಕ್ಕೆ ಏರ್‌ಬ್ಲಾಸ್ಟು ಅನ್ನುತ್ತಿದ್ದರು. ಸಿಡಿದಾಗ ನಮ್ಮ ತಟ್ಟಿ ಮನೆಗಳು ನಡುಗುತ್ತಿದ್ದವು, ಗೂಡಿನಲ್ಲಿಟ್ಟ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಆಗ ಹೆಂಗಸರೆಲ್ಲ ಕೈಯಲ್ಲಿದ್ದುದನ್ನು ಅಲ್ಲೇ ಬಿಸಾಕಿ ಗಣಿಯ ಗೇಟಿಗೆ ಓಡುತ್ತಿದ್ದೆವು. ಆಳುಗಳನ್ನು ಇಳಿಸಿ ಏರಿಸುವ ಕೇಜು ಮೇಲೆ ಬರುವವರೆಗೂ ಕಂಬಿ ಹಿಡಿದು ನಿಲ್ಲುವುದು. ತನ್ನವನು ಇಳಿದು ಬಂದರೆ ಬೈದುಕೊಂಡು ಮನೆಗೆ ಕರೆದುಕೊಂಡು ಹೋಗುವುದು, ಬರದಿದ್ದರೆ ಅಲ್ಲೇ ಕುಸಿಯುವುದು. ಇದನ್ನು ನಮಗೆ ಯಾರೂ ಕಲಿಸಿದ್ದಲ್ಲ.

ನನ್ನ ಹೆಸರು ಆದಿಲಕ್ಷ್ಮಮ್ಮ. ಬಾಯಿ ಸ್ವಲ್ಪ ಜೋರು, ಲೈನಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಯಜಮಾನರ ಹೆಸರು ನನ್ನ ಬಾಯಲ್ಲಿ ಬರಬಾರದು, ಆದರೆ ಹೇಳದಿದ್ದರೆ ನಿಮಗೆ ಹೇಗೆ ಗೊತ್ತಾಗಬೇಕು? ಬಚ್ಚಪ್ಪ. ಇಬ್ಬರೂ ಬಂಗಾರಪೇಟೆ ಪಕ್ಕದ ಹಳ್ಳಿಯವರೇ. ಕೂಲಿ ಸಾಲದೆ ಗಣಿಗೆ ಬಂದವರು. ಅವರಿಗೆ ಕೆಳಗೆ ಮರದ ದಿಮ್ಮಿ ಆನಿಸಿ ಬಂಡೆ ಕುಸಿಯದಂತೆ ಆಸರೆ ಕೊಡುವ ಕೆಲಸ. ನಾನು ಬೆಳಗಿನಿಂದ ಸಂಜೆಯವರೆಗೆ ಬೈದರೂ ಒಂದು ಸಲ ತಲೆಯಾಡಿಸಿ ಬೀಡಿ ಹಚ್ಚುವ ಮನುಷ್ಯ.

ಮೊದಲ ಸಲ ಅದು ಬಂದಾಗ ನಾನು ರಾಗಿ ಬೀಸುತ್ತಿದ್ದೆ. ಕೆಳಗಿನಿಂದ ಯಾರೋ ಗುದ್ದಿದ ಹಾಗಾಯಿತು. ಮೈಯೆಲ್ಲಾ ಗಡಗಡ ಅಂದಿತು, ಕಿವಿಯಲ್ಲಿ ದಡದಡ ಸದ್ದು. ನೆಲ ಅದುರಿತು ಅಂದುಕೊಂಡೆ. ನಮ್ಮ ಲೈನಿನ ಹೆಂಗಸು ಇನ್ನೇನು ಅಂದುಕೊಳ್ಳಬೇಕು? ಸೆರಗು ಬಾಯಿಗಿಟ್ಟುಕೊಂಡು ಓಡಿದೆ. ಗೇಟಿನ ಹತ್ತಿರ ಒಂದು ನರಪಿಳ್ಳೆಯಿಲ್ಲ. ಕಾವಲಿನವನು ಏನಮ್ಮಾ ಅಂದ. ಅದುರಿತಲ್ಲಪ್ಪಾ ಅಂದೆ. ಅವನು ನಕ್ಕ. ನಾನು ಬಾಯಿಗೆ ಬಂದ ಹಾಗೆ ಬೈದೆ, ಆದರೂ ಸಂಜೆ ಯಜಮಾನರು ನೆಟ್ಟಗೆ ಮನೆಗೆ ಬರುವವರೆಗೂ ನನ್ನ ಕೈಕಾಲು ಬೆಚ್ಚಗಾಗಲಿಲ್ಲ.

ಆಮೇಲೆ ಅದು ಆಗಾಗ ಬರತೊಡಗಿತು. ಬಂದಾಗೆಲ್ಲಾ ಓಡುತ್ತಿದ್ದೆ. ಲೈನಿನವರಿಗೆ ನನ್ನ ಓಟ ಒಂದು ತಮಾಷೆಯಾಯಿತು. ಪಕ್ಕದ ಮನೆಯ ಕನಕಮ್ಮ ಮಾತ್ರ ನಗುತ್ತಿರಲಿಲ್ಲ. ಅವಳ ಗಂಡ ಆರುಮುಗಂ ಬಂಡೆ ಕೊರೆಯುವವನು. ಅವರು ತಮಿಳರು, ನಾವು ಕನ್ನಡದವರು, ನಡುವೆ ಒಂದೇ ತಟ್ಟಿಗೋಡೆ. ಅವಳೂ ನನ್ನ ಹಾಗೆಯೇ ಹೆದರುಪುಕ್ಕಲಿ.

ಒಂದು ಬೆಳಿಗ್ಗೆ ಆರುಮುಗಂ ಕೆಲಸಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದ. ಅದೇ ಹೊತ್ತಿಗೆ ನನಗೆ ಅದು ಬಂತು. ನಾನು ಅಂಗಳದಲ್ಲೇ ಕಂಬ ತಬ್ಬಿಕೊಂಡು ಅದುರಿತು, ಅದುರಿತು ಅಂತ ಕೂಗಿಕೊಂಡೆ. ಕನಕಮ್ಮ ಗಂಡನ ಅಂಗಿ ಹಿಡಿದು ಒಳಗೆ ಎಳೆದಳು. ಅವನು ಎಷ್ಟು ಬೈದರೂ ಬಿಡಲಿಲ್ಲ. ಅವತ್ತು ಮಧ್ಯಾಹ್ನ ನಿಜವಾದ ಏರ್‌ಬ್ಲಾಸ್ಟು ಆಯಿತು. ಆರುಮುಗಂ ನಿಲ್ಲಬೇಕಾಗಿದ್ದ ಜಾಗದಲ್ಲಿ ಬೇರೊಬ್ಬ ನಿಂತಿದ್ದ. ಅವನನ್ನು ಮೇಲೆ ತಂದಾಗ ಹೆಂಡತಿಗೇ ಗುರುತು ಸಿಗಲಿಲ್ಲ.

ಅವತ್ತು ಸಂಜೆಯೇ ಕನಕಮ್ಮ ನನ್ನ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಳು. ಈ ಅಕ್ಕನ ಎದೆಯಲ್ಲಿ ಮಾರಿಯಮ್ಮ ಕೂತವ್ಳೆ, ಆಗೋದನ್ನ ಮುಂಚೇನೇ ಏಳ್ತಾಳೆ ಅಂತ ಲೈನಿಗೆಲ್ಲಾ ಸಾರಿದಳು. ನಕ್ಕವರೇ ಬಂದು ಕೈ ಮುಗಿದರು. ಸುಳ್ಳು ಯಾಕೆ ಹೇಳಲಿ, ಮೊದಮೊದಲು ನನಗೂ ಒಂದಿಷ್ಟು ಜಂಬ ಬಂತು. ನನ್ನ ಬಾಯಿಗೆ ಹೆದರುತ್ತಿದ್ದವರು ಈಗ ನನ್ನ ಎದೆಗೆ ಹೆದರಲಿ ಅಂದುಕೊಂಡೆ.

ಜಂಬ ಎಷ್ಟು ದಿನ? ಬೆಳಗಾದರೆ ಕೆಲಸಕ್ಕೆ ಹೋಗುವ ಗಂಡಸರು ಬಾಗಿಲಲ್ಲಿ ನಿಂತು ಇವತ್ತು ಎಂಗದೆ ಅಕ್ಕ ಅಂತ ಕೇಳತೊಡಗಿದರು. ಏನೂ ಇಲ್ಲ ಅಂತ ಹೇಳಿ ಕಳಿಸಿದರೆ, ಅವರು ಮೇಲೆ ಬರುವವರೆಗೂ ಪ್ರಾಣ ಹಿಡಿದುಕೊಂಡು ಕೂತಿರಬೇಕು. ಅದುರಿತು ಅಂದರೆ ಅವರ ಒಂದು ದಿನದ ಕೂಲಿ ಹೋಯಿತು. ಅದು ಬಂದರೂ ಭಯ, ಬರದಿದ್ದರೂ ಭಯ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ನಲ್ಲಿಯಿಂದ ನೀರು ಹೊತ್ತು ತರುವಾಗ ಎರಡು ಕಡೆ ಇಳಿಸಿ ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿಕೊಂಡೇ ನಿದ್ದೆ. ಸಂಜೆಯ ಹೊತ್ತಿಗೆ ಪಾದ ಊದಿಕೊಂಡು ಕಾಲುಂಗುರ ಒತ್ತುತ್ತಿತ್ತು. ಒಂದು ಸಲ ನಲ್ಲಿಯ ಹತ್ತಿರವೇ ಕಣ್ಣು ಕತ್ತಲೆ ಬಂದು ಬಿದ್ದೆ. ಕಾಲು ಜಾರಿತು ಅಂತ ಹೇಳಿದೆ. ಯಜಮಾನರಿಗೆ ಅದನ್ನೂ ಹೇಳಲಿಲ್ಲ. ಅವರು ಮಾತ್ರ ಇವತ್ತು ಹೇಗಿದೆ ಅಂತ ಒಂದು ದಿನವೂ ನನ್ನನ್ನು ಕೇಳಿದವರಲ್ಲ, ಸುಮ್ಮನೆ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಅದಕ್ಕೂ ನನಗೆ ಸಿಟ್ಟು.

ಅವರೆಕಾಯಿ ಕಾಲ. ರಾತ್ರಿ ಪಾಳಿ ಮುಗಿಸಿ ಬಂದ ಯಜಮಾನರು ಮಧ್ಯಾಹ್ನ ಗೊರಕೆ ಹೊಡೆಯುತ್ತಾ ಮಲಗಿದ್ದರು. ನಾನು ಪಕ್ಕದಲ್ಲಿ ಕೂತು ಮೊರದ ತುಂಬಾ ಅವರೆಕಾಯಿ ಸುಲಿಯುತ್ತಿದ್ದೆ. ಕೆಲಸವೂ ಹಗುರ, ಮನಸ್ಸೂ ಹಗುರ, ಗಂಡ ಕಣ್ಣೆದುರಿಗೆ ಇದ್ದಾರೆ, ಇನ್ನೇನು ಬೇಕು? ಆಗ ಬಂತು ನೋಡಿ. ಹಿಂದೆಂದೂ ಬರದಷ್ಟು ಜೋರಾಗಿ ಬಂತು. ಇಡೀ ಮನೆ ಮುರಿದು ಬೀಳುತ್ತದೆ ಅನ್ನಿಸಿತು. ಏಳಿ, ಏಳಿ ಅಂತ ಕೂಗಲು ಬಾಯಿ ತೆರೆದೆ, ಸ್ವರ ಬರಲಿಲ್ಲ. ಗೋಡೆ ಬದಿಯಲ್ಲಿ ತುಂಬಿಟ್ಟ ಹಿತ್ತಾಳೆ ಬಿಂದಿಗೆ ಕಣ್ಣಿಗೆ ಬಿತ್ತು. ಕಂಠದವರೆಗೂ ನೀರು. ಆ ನೀರು ಅಲ್ಲಾಡಲಿಲ್ಲ.

ಮೊರ ನೋಡಿದೆ. ಸುಲಿದ ಕಾಳು ಇದ್ದ ಹಾಗೇ ಇತ್ತು, ಒಂದೂ ಉರುಳಲಿಲ್ಲ. ಗೂಡಿನ ಪಾತ್ರೆ ಸದ್ದು ಮಾಡಲಿಲ್ಲ. ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದೆ. ನೆಲ ತಣ್ಣಗೆ ಸುಮ್ಮನಿತ್ತು. ನನ್ನ ಕೈಬಳೆ ಮಾತ್ರ ನಡುಗುತ್ತಿತ್ತು. ಅಷ್ಟು ದಿನ ಗಂಡನಿಗೆ ಏನಾಗುತ್ತದೋ ಅಂತ ಹೆದರಿ ಓಡಿದವಳು ನಾನು, ಆ ಕ್ಷಣ ಮೊದಲ ಸಲ ನನಗೇ ಏನೋ ಆಗುತ್ತಿದೆ ಅಂತ ಹೊಳೆಯಿತು. ಆ ಹೆದರಿಕೆಯೇ ಬೇರೆ. ಗೇಟಿಗೆ ಓಡಿದರೆ ಅದು ತೀರುವುದಿಲ್ಲ, ಎಲ್ಲಿಗೆ ಓಡಿದರೂ ಜೊತೆಗೇ ಬರುತ್ತದೆ.

ನನ್ನ ಕೈ ತಾಗಿ ಮೊರ ಕವುಚಿಕೊಂಡಿತು. ಯಜಮಾನರು ಎದ್ದು ಕೂತರು. ನನ್ನ ಮುಖ ನೋಡಿ ಬೆನ್ನಿಗೆ ಅಂಗೈ ಇಟ್ಟರು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ನೆಲ ಅಲ್ಲ ಕಣೇ ಇದು. ನಿನ್ನ ಗುಂಡಿಗೆ. ಅಡ್ಡಾದಿಡ್ಡಿ ಒಡ್ಕೊಳ್ತಾ ಅದೆ. ಆಸ್ಪತ್ರೆಗೆ ಓಗಾನ."

ಆಸ್ಪತ್ರೆ ಅಂದರೆ ನಮಗೆಲ್ಲಾ ಒಂದೇ ಗುರುತು: ಜಜ್ಜಿಹೋದವರನ್ನು ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋಗುವ ಜಾಗ. ಅಲ್ಲಿಗೆ ಕಾಲಿಡುವುದಿಲ್ಲ ಅಂದೆ. ಅದು ಒಂದು ನೆಪ. ನಿಜವಾದ ಕಾರಣ ಇನ್ನೊಂದಿತ್ತು. ನೆಲ ಅದುರದಿದ್ದರೆ ಏನಂತೆ, ಆರುಮುಗಂ ಬದುಕಿದ್ದು ಸುಳ್ಳೇ? ಹಾಗಾದರೆ ನನ್ನ ಎದೆಗೆ ಮುಂಚೆಯೇ ಗೊತ್ತಾಗುತ್ತದೆ ಅಂತಲೇ ಆಯಿತಲ್ಲ? ಕನಕಮ್ಮನ ಮಾತು ಆಗ ನನಗೆ ಇನ್ನೂ ಗಟ್ಟಿಯಾಯಿತು. ಅವರ ಕೈ ತಳ್ಳಿ ಹೇಳಿದೆ.

"ಔಸ್ದಿ ಕುಡಿದು ಇದು ನಿಂತೋದ್ರೆ, ಕೆಳಗೆ ಏನಾಯ್ತದೆ ಅಂತ ನಿಮ್ಗೆ ಯಾರು ಏಳೋರು?"

"ನೀನೇ ಇಲ್ದಿದ್ರೆ ನಾನು ಯಾತಕ್ಕೆ ಮೇಲಕ್ಕೆ ಬರ್ಲಿ?"

ಅಷ್ಟು ಮಾತು ಅವರು ಒಟ್ಟಿಗೆ ಆಡಿದ್ದು ಕಡಿಮೆ. ಆದರೂ ನನ್ನ ಹಟ ಬಿಡಲಿಲ್ಲ. ನನ್ನ ಎದೆಯ ಈ ಅದುರಾಟ ನಿಂತರೆ ಅವರನ್ನು ಕಾಯುವವರಿಲ್ಲ, ನಿಲ್ಲದಿದ್ದರೆ ನಾನಿಲ್ಲ. ಈ ಎರಡರ ಮಧ್ಯೆ ನಾನು ಸಿಕ್ಕಿಬಿದ್ದಿದ್ದೆ. ನನ್ನನ್ನು ನಾನೇ ಬಿಟ್ಟುಕೊಡುವುದು ಸುಲಭ ಅನ್ನಿಸಿತು.

ಆ ವಾರವೇ ಅವರು ಹಗಲು ಪಾಳಿಗೆ ಇಳಿದಿದ್ದಾಗ ಮತ್ತೆ ಬಂತು. ಅದು ನೆಲವಲ್ಲ ಅಂತ ಗೊತ್ತಿದ್ದೂ ಓಡಿದೆ. ಅರ್ಧ ದಾರಿಯಲ್ಲಿ ಉಸಿರು ಒಳಗೂ ಹೋಗದೆ ಹೊರಗೂ ಬರದೆ ಗಂಟಲಲ್ಲೇ ಸಿಕ್ಕಿಕೊಂಡಿತು. ಬಿದ್ದದ್ದು ಗೊತ್ತು, ಆಮೇಲೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಾಯಲ್ಲಿ ಮಣ್ಣು, ತುಟಿ ಮರಗಟ್ಟಿತ್ತು. ಸುತ್ತಲೂ ಹೆಂಗಸರು. ಕನಕಮ್ಮ ಬೇವಿನಸೊಪ್ಪು ಹಿಡಿದು ಅಮ್ಮ ಮೈಮೇಲೆ ಬಂದವ್ಳೆ, ಯಾರೂ ಮುಟ್ಟಬ್ಯಾಡಿ ಅಂತಿದ್ದಳು. ನನಗೆ ನೀರು ಬೇಕಾಗಿತ್ತು. ಕೇಳಲು ನಾಲಿಗೆ ಏಳಲಿಲ್ಲ. ಹೀಗೇ ಇವರೆಲ್ಲಾ ಕೈ ಮುಗಿದುಕೊಂಡು ನೋಡುತ್ತಿರುವಾಗಲೇ ಸಾಯುತ್ತೇನೆ ಅಂತ ಅನ್ನಿಸಿ ಕಣ್ಣಲ್ಲಿ ನೀರು ಇಳಿಯಿತು. ಅದನ್ನೂ ಅವರು ದೇವಿಯ ಕಣ್ಣೀರು ಅಂದರು.

ಯಾರೋ ಹೇಳಿ ಕಳಿಸಿರಬೇಕು, ಯಜಮಾನರು ಕೆಳಗಿನಿಂದ ಮೈ ತುಂಬ ಧೂಳಿನಲ್ಲೇ ಬಂದರು. ಹೆಂಗಸರನ್ನು ಸರಿಸಿ ನನ್ನನ್ನು ಎತ್ತಿಕೊಂಡರು. ಕನಕಮ್ಮ ಅಡ್ಡ ನಿಂತಳು. ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ, ಅವಳಿಗೂ ಇದ್ದದ್ದು ನನಗಿದ್ದ ಹೆದರಿಕೆಯೇ.

"ಡಾಕ್ಟ್ರು ತಾವ ಕರ್ಕೊಂಡೋದ್ರೆ ಅಮ್ಮ ಒಂಟೋಗ್ತಾಳೆ ಅಣ್ಣ. ಆಮೇಲೆ ನಮ್ಮನೆಯೋರ ಗತಿ?"

ಅವರು ಅವಳನ್ನು ದಾಟಿಕೊಂಡು ಸ್ಟೇಷನ್ನಿಗೆ ನಡೆದುಬಿಟ್ಟರು.

ಕಂಪನಿ ಆಸ್ಪತ್ರೆ ಬೇಡ ಅಂದಿದ್ದೆನಲ್ಲ, ರೈಲು ಹತ್ತಿಸಿ ಬಂಗಾರಪೇಟೆಗೆ ಕರೆದುಕೊಂಡು ಹೋದರು. ಆಗ ಅದಕ್ಕೆ ಬೌರಿಂಗ್‌ಪೇಟೆ ಅಂತ ಬೋರ್ಡು. ರೈಲಿನ ಗಡಗಡವೂ ನನ್ನ ಎದೆಯ ಗಡಗಡವೂ ಬೇರೆ ಬೇರೆ ಗೊತ್ತಾಗುತ್ತಿರಲಿಲ್ಲ. ರೈಲು ನಿಂತಾಗಲೂ ನನ್ನದು ನಿಲ್ಲಲಿಲ್ಲ. ಅವರ ತೋಳು ಉಗುರಿನಿಂದ ಒತ್ತಿ ಹಿಡಿದಿದ್ದೆ, ರಕ್ತ ಬಂದಿತ್ತು ಅಂತ ಆಮೇಲೆ ನೋಡಿದೆ.

ಸ್ಟೇಷನ್ನಿನ ಹತ್ತಿರ ಪೇಟೆಬೀದಿಯಲ್ಲಿ ಡಾಕ್ಟರು ರಾಮಚಂದ್ರಪ್ಪನವರು ಇದ್ದರು, ವಯಸ್ಸಾದವರು. ನನ್ನ ಎದೆಗೆ ಕೊಳವೆ ಇಟ್ಟು, ಇನ್ನೊಂದು ಕೈಯಲ್ಲಿ ನಾಡಿ ಹಿಡಿದು ಗಡಿಯಾರ ನೋಡುತ್ತಾ ಕೂತರು. ಒಳಗೆ ಹೊಡೆದುಕೊಳ್ಳುವ ಪೆಟ್ಟೆಲ್ಲಾ ಕೈವರೆಗೂ ಬರುತ್ತಿಲ್ಲ, ಕೆಲವು ಅರ್ಧ ದಾರಿಯಲ್ಲೇ ಸೋತುಹೋಗುತ್ತಿವೆ ಅಂದರು. ಚಿಕ್ಕವಳಿದ್ದಾಗ ಜ್ವರ ಬಂದು ಮಂಡಿ, ಮೊಣಕೈ ಊದಿಕೊಂಡಿದ್ದು ಉಂಟೇ ಅಂತ ಕೇಳಿದರು. ಉಂಟು, ಒಂದು ಸುಗ್ಗಿ ಪೂರ್ತಿ ನಡೆಯಲಾರದೆ ಮಲಗಿದ್ದೆ. ಕೀಲು ವಾಸಿಯಾಯಿತು, ಆ ಜ್ವರ ಗುಂಡಿಗೆಯ ಒಳಬಾಗಿಲನ್ನು ಕೆಡಿಸಿಬಿಟ್ಟಿದೆ, ರಕ್ತ ಸರಾಗವಾಗಿ ಹೋಗುತ್ತಿಲ್ಲ ಅಂದರು. ನನಗೆ ಅರ್ಥವಾದದ್ದು ಇಷ್ಟೇ: ನನ್ನೊಳಗೆ ಒಂದು ಬಾಗಿಲು ಕೆಟ್ಟಿದೆ, ಅದನ್ನು ರಿಪೇರಿ ಮಾಡುವವರು ಇಲ್ಲ.

ಎದೆ ಹೊಡೆದುಕೊಳ್ಳುವುದೆಲ್ಲಾ ಕಾಯಿಲೆಯಲ್ಲ ಅಂತಲೂ ಅವರು ತಿಳಿಸಿ ಹೇಳಿದರು. ಹೆದರಿದರೆ, ಓಡಿದರೆ, ನಿದ್ದೆಗೆಟ್ಟರೆ, ಕಡು ಕಾಫಿ ಕುಡಿದರೆ ಯಾರಿಗಾದರೂ ಹೊಡೆದುಕೊಳ್ಳುತ್ತದೆ. ಒಂದು ಗಳಿಗೆ ಕೂತರೆ ಇಳಿಯುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಸುಮ್ಮನೆ ಕೂತಿದ್ದಾಗಲೇ ಬಂದು, ತಾಳ ತಪ್ಪಿ ಹೊಡೆದುಕೊಂಡು, ಎಷ್ಟು ಹೊತ್ತಾದರೂ ಇಳಿಯದಿದ್ದರೆ ಬರಬೇಕು. ಉಸಿರು ಸಿಗದಿದ್ದರೆ, ಎದೆ ನೋವು ಬಂದರೆ, ಕಣ್ಣು ಕತ್ತಲೆಯಾಗಿ ಬಿದ್ದರೆ ಅವತ್ತೇ ಬರಬೇಕು, ನಾಳೆ ಅನ್ನಬಾರದು. ಮೊದಲ ಸಲ ಬಿದ್ದದ್ದು ಯಾವಾಗ ಅಂತ ಕೇಳಿದರು. ನಲ್ಲಿಯ ಹತ್ತಿರ ಬಿದ್ದದ್ದನ್ನು ಆಗ ಹೇಳಿದೆ. ಯಜಮಾನರು ತಲೆಯೆತ್ತಿ ನನ್ನ ಮುಖ ನೋಡಿದರು. ಅಂಥಾ ನೋಟ ನನಗೆ ಯಾವತ್ತೂ ಬೇಡ.

ನನ್ನ ಬಾಯಿ ಕೇಳಬೇಕಲ್ಲ. ಗಣಿಯಲ್ಲಿ ಬಂಡೆ ಸಿಡಿಯುವುದು ನನ್ನ ಎದೆಗೆ ಮುಂಚೆಯೇ ಗೊತ್ತಾಗುತ್ತದೆ, ಅದನ್ನು ನಿಲ್ಲಿಸಿದರೆ ಇವರ ಗತಿಯೇನು ಅಂತ ಡಾಕ್ಟರನ್ನೇ ಕೇಳಿಬಿಟ್ಟೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಎಷ್ಟು ಸಲ ಹೀಗೆ ಬಂದಿದೆ, ಅದರಲ್ಲಿ ಎಷ್ಟು ಸಲ ಬಂಡೆ ಸಿಡಿದಿದೆ ಅಂತ ಕೇಳಿದರು. ಲೆಕ್ಕವಿಲ್ಲದಷ್ಟು ಸಲ ಬಂದಿತ್ತು, ಸಿಡಿದದ್ದು ಒಂದೇ ಸಲ. ನಾನು ತಲೆ ತಗ್ಗಿಸಿದೆ.

"ನಿಮ್ಮ ಎದೆಗೆ ಗಣಿಯ ವಿಷಯ ಏನೂ ಗೊತ್ತಿಲ್ಲ ತಾಯಿ, ಅದಕ್ಕೆ ಅದರ ಕಷ್ಟವೇ ಸಾಕಾಗಿದೆ. ಔಷಧಿ ಕೊಡ್ತೀನಿ. ಆದರೆ ಇನ್ನು ಮೇಲೆ ನೀವು ಓಡಬಾರದು. ಏನೇ ಆಗಲಿ ಓಡಬಾರದು. ಓಡಿದರೆ ಒಂದು ದಿನ ದಾರಿಯಲ್ಲೇ ನಿಂತುಹೋಗುತ್ತೆ."

ಔಷಧಿ ಕಹಿ, ಹನಿ ಲೆಕ್ಕದಲ್ಲಿ ಕುಡಿಯುವಂಥದ್ದು. ಹೆಚ್ಚಾದರೆ ಅದೇ ವಿಷ, ವಾಂತಿ ಬಂದರೆ ಅಥವಾ ಕಣ್ಣಿಗೆ ಎಲ್ಲಾ ಹಳದಿ ಕಂಡರೆ ನಿಲ್ಲಿಸಿ ಓಡಿ ಬನ್ನಿ ಅಂದವರು, ತಕ್ಷಣ ನೆನಪಾಗಿ, ಓಡಿ ಅಲ್ಲ, ಗಾಡಿಯಲ್ಲಿ ಬನ್ನಿ ಅಂದರು. ಹನಿ ಹಾಕುವುದನ್ನು ನನ್ನ ಕೈಗೆ ಬಿಡದೆ ಯಜಮಾನರೇ ಹಾಕಿ ಕೊಡುತ್ತಿದ್ದರು.

ಕೆಲವೇ ದಿನಗಳಲ್ಲಿ ಪಾದದ ಊತ ಇಳಿಯಿತು. ಮಲಗಿ ನಿದ್ದೆ ಮಾಡುವಂತಾದೆ. ಎದೆಯೂ ಸುಮ್ಮನಾಯಿತು. ಸುಖ ಅಂದುಕೊಂಡಿರಾ? ಆ ಸುಮ್ಮನಿರುವಿಕೆಯಷ್ಟು ಹೆದರಿಕೆ ನನಗೆ ಯಾವುದೂ ಕೊಟ್ಟಿರಲಿಲ್ಲ. ಡಾಕ್ಟರ ಮಾತು ತಲೆಗೆ ಹೋಗಿತ್ತು, ಹೊಟ್ಟೆಗೆ ಇಳಿದಿರಲಿಲ್ಲ. ಯಜಮಾನರು ಕೆಲಸಕ್ಕೆ ಹೋದ ಕೂಡಲೇ ಎದೆಯ ಮೇಲೆ ಕೈ ಇಟ್ಟುಕೊಂಡು ಕೂರುತ್ತಿದ್ದೆ. ಬಾ ಹಾಳಾದ್ದೇ, ಒಂದು ಸಲ ಬಾ ಅಂತ ಕರೆಯುತ್ತಿದ್ದೆ. ಬಾಗಿಲಲ್ಲಿ ನಿಂತು ಕೇಳುವವರು ನಿಂತುಹೋದರು. ಕನಕಮ್ಮ ನನ್ನ ಮನೆಯ ಹೊಸ್ತಿಲಿಗೆ ಕುಂಕುಮ ಹಚ್ಚುವುದನ್ನು ಬಿಟ್ಟಳು.

ಯುಗಾದಿಯ ಹಿಂದಿನ ದಿನ, ಊಟದ ಹೊತ್ತು. ನನ್ನ ಎದೆ ಸುಮ್ಮನೇ ಇತ್ತು. ಗುಡುಗಿದ ಸದ್ದು ಕಾಲಡಿಯಿಂದ ಬಂತು. ಗೂಡಿನಿಂದ ತಟ್ಟೆಗಳು ಜಾರಿ ಬಿದ್ದವು, ಸೂರಿನ ಧೂಳು ಅನ್ನದ ಮೇಲೆ ಉದುರಿತು. ಅದು ನೆಲವೇ. ಯಜಮಾನರೂ ಆರುಮುಗಮ್ಮೂ ಇಬ್ಬರೂ ಕೆಳಗಿದ್ದರು.

ನಾನು ಎದ್ದು ನಿಂತಿದ್ದೆ, ಒಂದು ಕಾಲು ಹೊಸ್ತಿಲಾಚೆ ಹೋಗಿತ್ತು. ಲೈನಿನ ಹೆಂಗಸರೆಲ್ಲಾ ಓಡುತ್ತಿದ್ದರು. ಕನಕಮ್ಮ ನನ್ನ ಕೈ ಹಿಡಿದು ಬಾ ಅಕ್ಕ ಅಂತ ಎಳೆದಳು. ಬರಲಾರೆ ಅಂದೆ. ಅವಳು ಕೈ ಬಿಟ್ಟು, ಇವಳೂ ಒಂದು ಹೆಂಗಸೇ ಅನ್ನುವ ಹಾಗೆ ನೋಡಿ ಓಡಿದಳು. ನಾನು ಹೊಸ್ತಿಲ ಮೇಲೆ ಕೂತೆ. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಬಿಟ್ಟರೆ ಕಾಲು ತಾನಾಗಿ ಓಡುತ್ತಿತ್ತು. ಲೈನಿನಲ್ಲಿ ಒಂದು ಜೀವವಿಲ್ಲ. ನಾವು ಸಂಗು ಅನ್ನುವ ಗಣಿಯ ಸೈರನ್ನು ಊದತೊಡಗಿತು, ನಿಲ್ಲಲೇ ಇಲ್ಲ. ನನ್ನ ಎದೆ ಏನೂ ಹೇಳಿರಲಿಲ್ಲ. ಹೇಳುವ ಎದೆಯಾಗಿದ್ದರೆ ಇವತ್ತು ಹೇಳಬೇಕಿತ್ತು. ಅವರನ್ನು ಕಾಯುತ್ತಿದ್ದೇನೆ ಅಂದುಕೊಂಡ ಅಷ್ಟೂ ದಿನ ನಾನು ಯಾರನ್ನೂ ಕಾಯುತ್ತಿರಲಿಲ್ಲ ಅಂತ ಅಲ್ಲಿ ಒಬ್ಬಳೇ ಕೂತು ತಿಳಿದುಕೊಂಡೆ. ಗೇಟಿನಲ್ಲಿದ್ದರೆ ಹತ್ತು ಜನರ ಜೊತೆ ಅಳಬಹುದಿತ್ತು. ಇಲ್ಲಿ ಅಳುವುದಕ್ಕೂ ಭಯ, ಅಳುತ್ತಾ ಎದೆ ಎಲ್ಲಿ ತಪ್ಪುತ್ತದೋ ಅಂತ. ಉಸಿರನ್ನು ಮೆಲ್ಲಗೆ ಎಳೆದುಕೊಂಡು, ಮೆಲ್ಲಗೆ ಬಿಡುತ್ತಾ ಕೂತೆ. ನೆರಳು ಅಂಗಳ ದಾಟಿತು.

ಯಾರೋ ಓಡಿ ಬರುವ ಸದ್ದು ಕೇಳಿಸಿತು. ಸುದ್ದಿ ತರುವವರು ಯಾವಾಗಲೂ ಓಡಿಕೊಂಡೇ ಬರುತ್ತಾರೆ. ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ನನ್ನ ಮುಂದೆ ಬಂದು ನಿಂತಿತು. ಕಣ್ಣು ತೆರೆದರೆ ಯಜಮಾನರು. ಹಣೆಯಿಂದ ರಕ್ತ ಇಳಿದು ಧೂಳಿನಲ್ಲಿ ಹೆಪ್ಪುಗಟ್ಟಿತ್ತು. ಅವರು ಓಡಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಮೊಣಕಾಲೂರಿ ಕೂತು ನನ್ನ ಮುಖ, ಕೈ, ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿದರು.

"ಆರುಮುಗಂಗೆ ಕಾಲು ಮುರಿದದೆ, ಜೀವಕ್ಕೇನಿಲ್ಲ. ಗೇಟ್ ತಾವ ಎಲ್ಲಾ ಇದ್ರು. ನೀನಿರ್ಲಿಲ್ಲ. ದಾರೀಲಿ ಬಿದ್ದೋದಳೇನೋ ಅಂತ ದಾರಿ ಪೂರ್ತಿ ನೋಡ್ಕೊಂಡ್ಬಂದೆ."

ಆ ಗಂಡಸು ಹೊಸ್ತಿಲಿಗೆ ತಲೆಯಿಟ್ಟು ಅತ್ತುಬಿಟ್ಟರು. ನಾನು ಅವರ ಬೆನ್ನಿಗೆ ಕೈ ಇಟ್ಟೆ. ಒಳಗೆ ಅವರ ಎದೆ ನನ್ನ ಕೈಯನ್ನೇ ತಳ್ಳುವ ಹಾಗೆ ಹೊಡೆದುಕೊಳ್ಳುತ್ತಿತ್ತು. ಇಷ್ಟು ವರ್ಷ ಗೇಟಿನ ಕಂಬಿ ಹಿಡಿದು ನಾನು ಪಟ್ಟದ್ದನ್ನು ಆ ಮನುಷ್ಯ ಗೇಟಿನಿಂದ ಮನೆಯವರೆಗೆ ಪಟ್ಟಿದ್ದರು.

"ಎದ್ರಿಕೆಗೆ ಒಡ್ಕೊಳ್ಳೋದು ಇದು. ಇಲ್ಲೇ ಕೂತ್ಕೊಳ್ಳಿ, ಇಳೀತದೆ."

ಅವರು ನನ್ನ ಪಕ್ಕದಲ್ಲಿ ಕೂತರು. ಅದು ಇಳಿಯುವವರೆಗೂ ಇಬ್ಬರೂ ಅಲ್ಲೇ ಇದ್ದೆವು.